ಹಲ್ಲಿನ ಬೇರಿನಲ್ಲಿ ಕೀವು: ಗುರುತು ಹಿಡಿಯುವುದು ಹೇಗೆ, ಯಾವಾಗ ಆಸ್ಪತ್ರೆಗೆ ಓಡಬೇಕು

ಕೆನ್ನೆ ಊದಿ ಕಣ್ಣು ಸಣ್ಣದಾದ ಮೇಲೆ ಹಲ್ಲಿನಲ್ಲಿ ಕೀವಾಗಿದೆ ಎಂದು ಹೇಳಲು ಡಾಕ್ಟರೇ ಬೇಕಿಲ್ಲ, ಪಕ್ಕದ ಮನೆಯವರೂ ಹೇಳುತ್ತಾರೆ. ಆದರೆ ಅದಕ್ಕೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಮುಂಚೆಯೇ ಆ ಹಲ್ಲು ಸುಳಿವು ಕೊಡುತ್ತಾ ಬಂದಿರುತ್ತದೆ. ಅದನ್ನು ಗಮನಿಸದೆ ಬಿಡುವುದಕ್ಕೆ ಮುಖ್ಯ ಕಾರಣ ಒಂದು ನಂಬಿಕೆ: ನೋವು ಹೋದರೆ ಕಾಯಿಲೆಯೂ ಹೋಯಿತು ಎಂಬುದು. ಹಲ್ಲಿನ ಮಟ್ಟಿಗೆ ಇದು ಎಷ್ಟೋ ಸಲ ತಲೆಕೆಳಗು. ವಾರವಿಡೀ ನಿದ್ದೆಗೆಡಿಸಿದ ದವಡೆ ಹಲ್ಲು ಒಂದು ಬೆಳಗ್ಗೆ ತಟ್ಟನೆ ಸುಮ್ಮನಾದರೆ, ಒಳಗಿನ ನರ ಸತ್ತಿರಬಹುದೆಂದು ಮೊದಲು ಅನುಮಾನಿಸಬೇಕು.

ಒಳಗೆ ನಡೆಯುವುದೇನು

ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್, ಅದರಡಿ ಹಳದಿ ಛಾಯೆಯ ಡೆಂಟಿನ್, ನಟ್ಟನಡುವೆ ತಿರುಳು. ನರ, ರಕ್ತನಾಳಗಳು ಇರುವುದು ಈ ತಿರುಳಿನಲ್ಲಿ. ಅದು ಬೇರಿನೊಳಗಿನ ಕಿರಿದಾದ ಕಾಲುವೆಯಲ್ಲಿ ಇಳಿದು, ಬೇರಿನ ತುದಿಯ ಸೂಕ್ಷ್ಮ ರಂಧ್ರದ ಮೂಲಕ ದವಡೆ ಮೂಳೆಯೊಂದಿಗೆ ಸಂಪರ್ಕದಲ್ಲಿರುತ್ತದೆ. ಹುಳುಕು ಆಳಕ್ಕೆ ಇಳಿದಾಗ, ಹಲ್ಲು ಬಿರುಕು ಬಿಟ್ಟಾಗ, ಹಳೆಯ ಸಿಮೆಂಟಿನ ಅಂಚು ಸೋರಿದಾಗ, ಅಥವಾ ಎಂದೋ ಬಿದ್ದು ಪೆಟ್ಟಾದಾಗ ಬ್ಯಾಕ್ಟೀರಿಯಾ ತಿರುಳಿನವರೆಗೆ ಹೋಗುತ್ತವೆ. ತಿರುಳು ಊದಿಕೊಳ್ಳಲು ನೋಡುತ್ತದೆ, ಸುತ್ತಲೂ ಗಟ್ಟಿ ಗೋಡೆ. ರಕ್ತದ ಓಡಾಟ ಕಟ್ಟಿ ತಿರುಳು ಸಾಯುತ್ತದೆ. ಆಮೇಲೆ ಸೋಂಕು ಬೇರಿನ ತುದಿಯಿಂದ ಹೊರಬಿದ್ದು ಮೂಳೆಯೊಳಗೆ ಕೀವು ಕಟ್ಟುತ್ತದೆ. ಕೀವು ತನಗೆ ತೆಳುವಾಗಿ ಸಿಕ್ಕ ಕಡೆ ಮೂಳೆಯನ್ನು ಕೊರೆದು ಒಸಡಿಗೋ ಕೆನ್ನೆಗೋ ಕುತ್ತಿಗೆಗೋ ಬರುತ್ತದೆ.

ಹಲ್ಲಿನಲ್ಲಿ ಹುಳ ಇರುವುದಿಲ್ಲ. ಗುಳ್ಳದ ಬೀಜದ ಹೊಗೆ ಹಾಕಿ ಉದುರಿಸಿ ತೋರಿಸುವ ಬಿಳಿ ಎಳೆಗಳು ಹಲ್ಲಿನೊಳಗಿಂದ ಬಂದವಲ್ಲ.

ನೋವಿನ ನಡೆ ಬದಲಾಗುವುದನ್ನು ನೋಡಿ

ನೋವು ಎಷ್ಟು ಎನ್ನುವುದಕ್ಕಿಂತ ಅದು ಹೇಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಹೆಚ್ಚು ಹೇಳುತ್ತದೆ. ಮೊದಮೊದಲು ತಣ್ಣೀರು, ಐಸ್‌ಕ್ರೀಂ, ಸಿಹಿ ತಗುಲಿದಾಗ ಮಾತ್ರ ಹಲ್ಲು ಜುಂ ಎನ್ನುತ್ತದೆ, ನೀರು ನುಂಗಿದ ಒಂದೆರಡು ಸೆಕೆಂಡಿನಲ್ಲಿ ಸರಿಹೋಗುತ್ತದೆ. ಈ ಹಂತದಲ್ಲಿ ತಿರುಳು ಜೀವಂತವಾಗಿದೆ. ಹುಳುಕು ತೆಗೆದು ಸಿಮೆಂಟ್ ತುಂಬಿಸಿದರೆ ಹೆಚ್ಚಿನ ಸಲ ಉಳಿಯುತ್ತದೆ. ಖರ್ಚೂ ಕಡಿಮೆ, ಕೆಲಸವೂ ಒಂದೇ ದಿನದ್ದು.

ಮುಂದಿನ ಹಂತದಲ್ಲಿ ತಣ್ಣೀರು ಹೋದ ಮೇಲೂ ನೋವು ಅಲ್ಲೇ ಕೂರುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿದರೆ ತಿರುಳು ಚೇತರಿಸಿಕೊಳ್ಳುವ ಗೆರೆ ದಾಟಿರುವ ಸಾಧ್ಯತೆಯೇ ಹೆಚ್ಚು. ಏನೂ ತಗುಲದೆ ತನ್ನಷ್ಟಕ್ಕೆ ಸಿಡಿತ ಬರುತ್ತದೆ, ಮಲಗಿದರೆ ಏರುತ್ತದೆ. ತಲೆ ಕೆಳಗಾದಾಗ ಅಲ್ಲಿನ ರಕ್ತದ ಒತ್ತಡ ಹೆಚ್ಚುತ್ತದೆ, ಅದಕ್ಕೇ ರಾತ್ರಿ ಕಾಟ ಜಾಸ್ತಿ. ಈ ಹೊತ್ತಿಗೆ ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಲು ಆಗದಿರುವುದೂ ಸಾಮಾನ್ಯ. ಕೆಳಗಿನ ಹಲ್ಲಿನ ನೋವು ಕಿವಿಯಲ್ಲಿ, ಮೇಲಿನದು ಕಣತಲೆಯಲ್ಲಿ ಕಾಣಿಸಿಕೊಳ್ಳಬಹುದು. ಕೆಳದವಡೆ ಕೆಟ್ಟಿದ್ದರೂ ಮೇಲ್ದವಡೆಯೇ ನೋಯುತ್ತಿದೆ ಎಂದು ಅನಿಸಬಹುದು. ಎಡದ್ದು ಬಲಕ್ಕೆ ದಾಟುವುದು ಮಾತ್ರ ಇಲ್ಲವೆಂದೇ ಹೇಳಬೇಕು.

ಆಮೇಲೆ ಬಿಸಿಗೆ ನೋವು ಏರತೊಡಗುತ್ತದೆ. ಬಿಸಿ ಕಾಫಿ ಬಾಯಿಗಿಟ್ಟರೆ ತಲೆಗೇರುತ್ತದೆ, ತಣ್ಣೀರು ಬಾಯಲ್ಲಿ ಹಿಡಿದುಕೊಂಡರೆ ಹಾಯೆನಿಸುತ್ತದೆ. ನೀರಿನ ಬಾಟಲಿ ಕೈಯಲ್ಲಿ ಹಿಡಿದು ನಿಮಿಷಕ್ಕೊಮ್ಮೆ ಗುಟುಕರಿಸುತ್ತಾ ದಂತವೈದ್ಯರ ಬಳಿ ಬರುವವರಿದ್ದಾರೆ. ತಿರುಳು ಸಾಯುತ್ತಿರುವುದರ ಚೆನ್ನಾದ ಗುರುತುಗಳಲ್ಲಿ ಇದೊಂದು.

ಇದರ ನಂತರ ಸದ್ದಡಗುತ್ತದೆ. ತಣ್ಣಗಿನದಕ್ಕೂ ಇಲ್ಲ, ಬಿಸಿಗೂ ಇಲ್ಲ. ಮಾತ್ರೆ ಕೆಲಸ ಮಾಡಿತು, ಲವಂಗ ಕೆಲಸ ಮಾಡಿತು ಎಂದು ಸಮಾಧಾನಪಡುವುದು ಇಲ್ಲೇ. ಈ ಮೌನ ಎರಡು ದಿನ ಇರಬಹುದು, ಎರಡು ವರ್ಷವೂ ಇರಬಹುದು.

ಕೀವು ಕಟ್ಟಿದ ಮೇಲಿನ ನೋವಿನ ಬಣ್ಣವೇ ಬೇರೆ. ಎದೆಬಡಿತಕ್ಕೆ ಸರಿಯಾಗಿ ಹಲ್ಲು ಮಿಡಿಯುತ್ತದೆ. ಈಗ ಯಾವ ಹಲ್ಲು ಎಂದು ನಿಖರವಾಗಿ ತೋರಿಸಬಹುದು. ಬೇರಿನ ಸುತ್ತಲಿನ ಪೊರೆ ಊದಿ ಹಲ್ಲನ್ನು ಕೂದಲೆಳೆಯಷ್ಟು ಮೇಲೆತ್ತಿರುವುದರಿಂದ ಬಾಯಿ ಮುಚ್ಚಿದಾಗ ಅದೊಂದೇ ಮೊದಲು ತಾಗುತ್ತದೆ, ಅನ್ನ ಅಗಿದರೂ ಪ್ರಾಣ ಹೋಗುತ್ತದೆ. ‘ಈ ಹಲ್ಲು ಉದ್ದ ಆಗಿದೆ’ ಎಂದು ಯಾರಾದರೂ ಹೇಳಿದರೆ ಅದನ್ನು ಭ್ರಮೆ ಎಂದು ತಳ್ಳಿಹಾಕಬೇಡಿ.

ಕನ್ನಡಿ, ಟಾರ್ಚು, ಬೆರಳು

ಮನೆಯಲ್ಲಿ ಮಾಡಿಕೊಳ್ಳಬಹುದಾದ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಕೈಯನ್ನು ಸೋಪು ಹಾಕಿ ತೊಳೆಯಿರಿ, ಬಾಯಿ ಮುಕ್ಕಳಿಸಿ, ಬೆಳಕಿರುವ ಕಡೆ ನಿಲ್ಲಿ. ಮೊಬೈಲಿನ ಟಾರ್ಚನ್ನು ಬೇರೊಬ್ಬರು ಹಿಡಿದರೆ ಒಳ್ಳೆಯದು. ಚಮಚದ ಹಿಂಭಾಗದಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿ ನೋಡಿ.

ಮೊದಲು ಹಲ್ಲಿನ ಬಣ್ಣ. ಮುಂದಿನ ಬಾಚಿ ಹಲ್ಲು ಒಂದೇ ಒಂದು ಬೂದಿ ಅಥವಾ ಕಂದು ತಿರುಗಿದ್ದರೆ, ಹಳೆಯ ಪೆಟ್ಟಿನಿಂದ ತಿರುಳು ಸತ್ತಿರಬಹುದು. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದದ್ದು ಹತ್ತು ವರ್ಷದ ನಂತರ ಕೀವಾಗಿ ಬರುವುದುಂಟು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲಿಗೆ ಕಂದು ಕಲೆ ಬಂದವರು ಬಹಳ. ಆ ಕಲೆ ಸಾಮಾನ್ಯವಾಗಿ ಎಡ ಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತರಹ ಇರುತ್ತದೆ, ಮೇಲ್ಮೈ ಗಟ್ಟಿಯಾಗಿರುತ್ತದೆ. ಹುಳುಕು ಹಾಗೆ ಜೋಡಿಯಾಗಿ ಬರಬೇಕೆಂದಿಲ್ಲ, ಹಳ್ಳ ಬೀಳುತ್ತದೆ, ಆಹಾರ ಸಿಕ್ಕಿಕೊಳ್ಳುತ್ತದೆ. ಕಲೆಯ ಹಲ್ಲಿನವರು ಹುಳುಕನ್ನೂ ಕಲೆಯೆಂದೇ ಬಗೆದು ತಡಮಾಡುವುದು ಆ ಭಾಗದ ನಿಜವಾದ ಸಮಸ್ಯೆ.

ಆಮೇಲೆ ಒಸಡು. ತೋರುಬೆರಳನ್ನು ಕೆನ್ನೆ ಮತ್ತು ಒಸಡು ಸೇರುವ ಮಡಿಕೆಯಲ್ಲಿಟ್ಟು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಎಳೆಯಿರಿ. ಬೇರಿನ ತುದಿ ಇರುವ ಆಳದಲ್ಲಿ ಉಬ್ಬು, ಮುಟ್ಟಿದರೆ ನೋವು, ಅಥವಾ ಮೆತ್ತಗೆ ಒಳಗೆ ನೀರು ತುಂಬಿದಂತಹ ಅನುಭವ ಇದೆಯೇ ನೋಡಿ. ಎರಡೂ ಬದಿ ಹೋಲಿಸಿ. ಕೆಲವು ಉಬ್ಬುಗಳು ನಿಧಾನವಾಗಿ ಬೆಳೆದ, ಅಪಾಯವಿಲ್ಲದ ಮೂಳೆಯ ಗಂಟುಗಳು, ಅವು ಕಲ್ಲಿನಂತೆ ಗಟ್ಟಿ, ನೋವಿರುವುದಿಲ್ಲ.

ಒಸಡಿನ ಮೇಲೆ ಮೊಡವೆಯಂತಹ ಸಣ್ಣ ಗುಳ್ಳೆ ಕಂಡರೆ ಅದನ್ನು ಹಗುರಾಗಿ ನೋಡಬೇಡಿ. ಕೆಂಪು ಅಥವಾ ಹಳದಿ ತಲೆ, ಕೆಲವು ದಿನಕ್ಕೊಮ್ಮೆ ಒಡೆದು ಬಾಯಲ್ಲಿ ಉಪ್ಪುಪ್ಪು ಕಹಿ ನೀರು, ಕೆಟ್ಟ ವಾಸನೆ, ಮತ್ತೆ ಮುಚ್ಚಿಕೊಂಡು ಮತ್ತೆ ತುಂಬುವುದು. ಬೇರಿನ ಕೀವು ಹೊರಬರಲು ಮಾಡಿಕೊಂಡ ದಾರಿಯದು. ದಾರಿ ತೆರೆದಿರುವ ತನಕ ಒತ್ತಡ ಏರುವುದಿಲ್ಲ, ಆದ್ದರಿಂದ ನೋವೂ ಇಲ್ಲ. ಗುಳ್ಳೆ ಇರುವ ಜಾಗವೇ ಕೆಟ್ಟ ಹಲ್ಲಿನ ಜಾಗ ಎಂದೂ ತಿಳಿಯಬೇಡಿ, ಕೀವು ಒಂದೆರಡು ಹಲ್ಲು ದಾಟಿ ಹೊರಬರಬಹುದು. ಡಾಕ್ಟರು ಆ ತೂತಿನೊಳಗೆ ತೆಳು ಕಡ್ಡಿಯೊಂದನ್ನು ಇಳಿಸಿ ಎಕ್ಸ್-ರೇ ತೆಗೆಯುವುದು ಮೂಲ ಹಲ್ಲನ್ನು ಹಿಡಿಯಲಿಕ್ಕೇ. ಅಪರೂಪಕ್ಕೆ ಈ ದಾರಿ ಚರ್ಮದ ಮೇಲೆಯೇ ತೆರೆದುಕೊಳ್ಳುತ್ತದೆ: ಗದ್ದದ ಮೇಲೆ ಅಥವಾ ದವಡೆಯ ಅಂಚಿನಲ್ಲಿ ಮಾಯದ ಒಂದು ಹುಣ್ಣು. ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಓಡಾಡಿದವರಿಗೆ ಹಲ್ಲಿನ ಚಿಕಿತ್ಸೆಯಾದ ಮೇಲೆ ಅದು ಒಣಗುತ್ತದೆ.

ಮೂರನೆಯದು ತಟ್ಟಿ ನೋಡುವುದು. ಸ್ಟೀಲ್ ಚಮಚದ ಹಿಡಿಯಿಂದ ಮೊದಲು ಇನ್ನೊಂದು ಬದಿಯ ಒಳ್ಳೆಯ ಹಲ್ಲನ್ನು ಮೇಲಿನಿಂದ ಹಗುರಾಗಿ ತಟ್ಟಿ, ಆಮೇಲೆ ಅನುಮಾನದ ಹಲ್ಲಿನ ಅಕ್ಕಪಕ್ಕದವು, ಕೊನೆಗೆ ಅದನ್ನು. ಉಳಿದವುಗಳಿಗಿಂತ ಅದೊಂದೇ ಸ್ಪಷ್ಟವಾಗಿ ನೋಯುತ್ತಿದ್ದರೆ ಬೇರಿನ ತುದಿಯಲ್ಲಿ ಉರಿಯೂತವಿದೆ. ಮೊದಲೇ ಮುಟ್ಟಲಾಗದಷ್ಟು ನೋವಿರುವವರು ಇದನ್ನು ಮಾಡುವ ಅಗತ್ಯವಿಲ್ಲ, ಉತ್ತರ ಸಿಕ್ಕಾಗಿದೆ. ಹತ್ತಿಯ ಸುರುಳಿಯೊಂದನ್ನು ಆ ಹಲ್ಲಿನ ಮೇಲಿಟ್ಟು ಕಚ್ಚಿ ನೋಡಿ. ಕಚ್ಚಿದಾಗ ನೋವಾದರೆ ಬೇರಿನ ಕಡೆಗೆ ಬೊಟ್ಟು ಮಾಡುತ್ತದೆ. ಕಚ್ಚಿ ಬಿಡುವ ಕ್ಷಣದಲ್ಲಿ ಚುಳುಕ್ ಎಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ಅಡಿಕೆ, ಐಸ್ ತುಂಡು ಕಡಿಯುವವರಲ್ಲಿ ಇದು ಅಪರೂಪವಲ್ಲ.

ಐಸ್ ಪರೀಕ್ಷೆಯನ್ನೂ ಮಾಡಬಹುದು. ಸಣ್ಣ ತುಂಡನ್ನು ತೆಳು ಬಟ್ಟೆಯಲ್ಲಿ ಹಿಡಿದು ಒಳ್ಳೆಯ ಹಲ್ಲಿಗೆ ನಾಲ್ಕೈದು ಸೆಕೆಂಡು ಮುಟ್ಟಿಸಿ, ನಂತರ ಅನುಮಾನದ ಹಲ್ಲಿಗೆ. ಒಳ್ಳೆಯ ಹಲ್ಲಿಗೆ ತಂಪು ಗೊತ್ತಾಗಿ ಇದಕ್ಕೆ ಏನೂ ಗೊತ್ತಾಗದಿದ್ದರೆ ತಿರುಳು ಸತ್ತಿರುವ ಸಂಭವವಿದೆ. ಇದನ್ನೇ ಕೊನೆಯ ಮಾತೆಂದು ಹಿಡಿಯಬೇಡಿ. ಕ್ಯಾಪ್ ಹಾಕಿದ ಹಲ್ಲು, ವಯಸ್ಸಾದವರ ಹಲ್ಲು ಮೊದಲೇ ಮಂದ. ಎರಡು ಮೂರು ಬೇರಿರುವ ದವಡೆ ಹಲ್ಲಿನಲ್ಲಿ ಒಂದು ಬೇರಿನ ತಿರುಳು ಸತ್ತು ಇನ್ನೊಂದರದು ಬದುಕಿರಬಹುದು.

ಕೊನೆಗೆ ಕುತ್ತಿಗೆ. ದವಡೆಯ ಕೆಳಗೆ ಎರಡೂ ಬದಿ ಬೆರಳ ತುದಿಯಿಂದ ಒತ್ತಿ ನೋಡಿ. ಕಡಲೆಕಾಳಿನಷ್ಟೋ ಗೋಲಿಯಷ್ಟೋ ದೊಡ್ಡದಾಗಿ ಮುಟ್ಟಿದರೆ ನೋಯುವ ಗಂಟು ಒಂದೇ ಬದಿಯಲ್ಲಿದ್ದರೆ ಅದು ಸೋಂಕಿಗೆ ಪ್ರತಿಕ್ರಿಯಿಸುತ್ತಿರುವ ಗ್ರಂಥಿ.

ಊತ ಎಲ್ಲಿ ಬಂದಿದೆ ಎಂಬುದರಿಂದ ತಿಳಿಯುವುದು

ಕೀವು ಎಲ್ಲಿ ಹೊರಡುತ್ತದೆ ಎನ್ನುವುದು ಬೇರಿನ ತುದಿಗೂ ಸ್ನಾಯುಗಳ ಅಂಟಿಗೂ ಇರುವ ಲೆಕ್ಕ. ಮೇಲಿನ ಕೋರೆ ಹಲ್ಲಿನ ಬೇರು ಉದ್ದ. ಅದರ ಕೀವು ಮೂಗಿನ ಪಕ್ಕ, ಕಣ್ಣಿನ ಕೆಳಗೆ ಊತವಾಗಿ ಬರುತ್ತದೆ, ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆ ಮಾಯವಾಗುತ್ತದೆ, ಬೆಳಗ್ಗೆ ಎದ್ದಾಗ ಕೆಳರೆಪ್ಪೆ ದಪ್ಪಗಿರುತ್ತದೆ. ಮುಖದ ಆ ಭಾಗದ ರಕ್ತನಾಳಗಳಿಗೆ ಕಣ್ಣಿನ ಹಿಂಭಾಗದ ಮೂಲಕ ತಲೆಬುರುಡೆಯೊಳಗಿನ ನಾಳಗಳ ಜತೆ ಸಂಪರ್ಕವಿರುವುದರಿಂದ ಇದನ್ನು ದಂತವೈದ್ಯರು ಹಗುರಾಗಿ ತೆಗೆದುಕೊಳ್ಳುವುದಿಲ್ಲ.

ಮೇಲಿನ ದವಡೆ ಹಲ್ಲುಗಳದ್ದು ಕೆನ್ನೆಗೆ ಬರುತ್ತದೆ, ಅಥವಾ ಅಂಗುಳಿನಲ್ಲಿ ಉಬ್ಬುತ್ತದೆ. ಬೇರುಗಳು ಮೂಗಿನ ಪಕ್ಕದ ಸೈನಸ್ ಗೂಡಿಗೆ ಹತ್ತಿರವಿರುವುದರಿಂದ ಕೀವು ಅಲ್ಲಿಗೇ ನುಗ್ಗಲೂಬಹುದು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಾ, ಸೈನಸ್ ಔಷಧಿಗೆ ಬಗ್ಗದಿದ್ದರೆ ಮೇಲಿನ ದವಡೆ ಹಲ್ಲುಗಳನ್ನು ಪರೀಕ್ಷಿಸಲೇಬೇಕು.

ಕೆಳಗಿನ ಹಿಂದಿನ ಹಲ್ಲುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಎರಡನೆಯ ದವಡೆ ಹಲ್ಲು ಮತ್ತು ಬುದ್ಧಿ ಹಲ್ಲಿನ ಬೇರಿನ ತುದಿಗಳು ಬಾಯಿಯ ತಳವನ್ನು ಹೊರುವ ಸ್ನಾಯುವಿನ ಅಂಟಿಗಿಂತ ಕೆಳಗಿರುತ್ತವೆ. ಆದ್ದರಿಂದ ಕೀವು ಬಾಯಲ್ಲಿ ಕಾಣಿಸದೆ ನೇರವಾಗಿ ದವಡೆಯ ಕೆಳಗೆ, ಕುತ್ತಿಗೆಯ ಕಡೆ ಇಳಿಯಬಹುದು. ಬಾಯೊಳಗೆ ಏನೂ ಕಾಣುತ್ತಿಲ್ಲ ಎಂಬ ಸಮಾಧಾನ ಈ ಹಲ್ಲುಗಳಿಗೆ ಸಲ್ಲದು.

ಊತ ಕಂಡ ಕೂಡಲೇ ಅದರ ಅಂಚನ್ನು ಬಾಲ್ ಪೆನ್ನಿನಿಂದ ಚರ್ಮದ ಮೇಲೆ ಗುರುತು ಹಾಕಿ, ಗಂಟೆ ಬರೆದಿಡಿ, ಫೋಟೋ ತೆಗೆಯಿರಿ. ನಾಲ್ಕೈದು ಗಂಟೆಯಲ್ಲಿ ಗೆರೆ ದಾಟಿ ಹರಡಿದ್ದರೆ ಅದು ಡಾಕ್ಟರಿಗೆ ನೀವು ಕೊಡಬಹುದಾದ ಅತ್ಯಂತ ಉಪಯುಕ್ತ ಮಾಹಿತಿ.

ಒಸಡಿನ ಕೀವು, ಬುದ್ಧಿ ಹಲ್ಲಿನ ಕೀವು

ಕೀವೆಲ್ಲ ಬೇರಿನ ತುದಿಯದೇ ಅಲ್ಲ. ಒಸಡು ಮತ್ತು ಹಲ್ಲಿನ ನಡುವಿನ ಸಂದು ಆಳವಾಗಿ ಅಲ್ಲಿ ಗಾರೆ, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ, ತುಂಬಿದವರಿಗೆ, ಅದರ ಬಾಯಿ ಕಟ್ಟಿಕೊಂಡರೆ ಒಳಗೇ ಕೀವಾಗುತ್ತದೆ. ಮೀನಿನ ಮುಳ್ಳು, ಅಡಿಕೆ ಚೂರು, ಹಲ್ಲುಕಡ್ಡಿಯ ಸಿಬಿರು ಸಿಕ್ಕಿಕೊಂಡರೂ ಆಗುತ್ತದೆ. ಈ ಊತ ಒಸಡಿನ ಅಂಚಿಗೆ ಹತ್ತಿರ, ಹೊಳೆಯುವ ಕೆಂಪು, ಹಲ್ಲು ಅಲುಗಾಡುತ್ತದೆ, ಸಂದಿನಿಂದಲೇ ಕೀವು ಜಿನುಗುತ್ತದೆ. ಐಸ್ ಮುಟ್ಟಿಸಿದರೆ ಹಲ್ಲಿಗೆ ಸಾಮಾನ್ಯವಾಗಿ ತಂಪು ಗೊತ್ತಾಗುತ್ತದೆ, ಏಕೆಂದರೆ ತಿರುಳು ಬದುಕಿದೆ. ಇಲ್ಲಿ ಬೇಕಾದದ್ದು ಸಂದಿನ ಸ್ವಚ್ಛತೆ, ಕೆಟ್ಟ ತಿರುಳನ್ನು ತೆಗೆದು ಬೇರಿನ ಕಾಲುವೆ ತುಂಬುವ ರೂಟ್ ಕೆನಾಲ್ ಅಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ಕಾರಣ ಇದೇ.

ಬುದ್ಧಿ ಹಲ್ಲು ಅರ್ಧ ಹುಟ್ಟಿ ನಿಂತಿದ್ದರೆ ಅದರ ಮೇಲೆ ಒಸಡಿನ ಮುಚ್ಚಳವೊಂದು ಉಳಿಯುತ್ತದೆ. ಅದರಡಿ ಆಹಾರ ಕೊಳೆತು ಊದುತ್ತದೆ. ನುಂಗಿದರೆ ನೋವು, ಬಾಯಿ ತೆರೆಯಲು ಕಷ್ಟ, ಮೇಲಿನ ಹಲ್ಲು ಅದೇ ಮುಚ್ಚಳವನ್ನು ಮತ್ತೆ ಮತ್ತೆ ಕಚ್ಚುವುದು. ಇಪ್ಪತ್ತರ ಆಸುಪಾಸಿನವರಲ್ಲಿ ಗಂಟಲು ನೋವೆಂದು ಮಾತ್ರೆ ತಿನ್ನುತ್ತಿರುವಾಗ ಮೂಲ ಇದಾಗಿರುವುದುಂಟು.

ಕೀವಿನಂತೆ ಕಂಡು ಬೇರೆ ಆಗಿರುವವು

ನೆಗಡಿಯ ನಂತರ ಮೇಲಿನ ಹಿಂದಿನ ನಾಲ್ಕೈದು ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತಾ, ಬಗ್ಗಿದರೆ ಮುಖ ಭಾರವಾದರೆ ಸೈನಸ್ ಇರಬಹುದು. ಮುಖ ತೊಳೆಯುವಾಗ, ಹಲ್ಲುಜ್ಜುವಾಗ ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಬಂದು ಹೋಗುವ ಘೋರ ನೋವು ನರದ್ದು. ಇದಕ್ಕಾಗಿ ಒಳ್ಳೆಯ ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿಕೊಂಡವರಿದ್ದಾರೆ. ಮಂಗನಬಾವಿನ ಊತ ಕಿವಿಯ ಮುಂದೆ ಮತ್ತು ಕೆಳಗೆ ಬಂದು ಕಿವಿಹಾಲೆಯನ್ನು ಎತ್ತಿ ತೋರಿಸುತ್ತದೆ. ಊಟಕ್ಕೆ ಕೂತಾಗ ಊದಿ ಆಮೇಲೆ ಇಳಿಯುವುದು ಜೊಲ್ಲಿನ ಗ್ರಂಥಿಯ ಕಲ್ಲು. ಹಲ್ಲು ಕಿತ್ತ ಎರಡರಿಂದ ನಾಲ್ಕು ದಿನದಲ್ಲಿ ಕಿವಿಯತ್ತ ಹಬ್ಬುವ ನೋವು ಬಂದು ಕುಳಿ ಖಾಲಿ ಕಂಡರೆ ಅಲ್ಲಿ ರಕ್ತದ ಹೆಪ್ಪು ಕಳಚಿಹೋಗಿದೆ. ಅದು ಕೀವಲ್ಲ, ಆದರೂ ಡಾಕ್ಟರು ಔಷಧಿ ತುಂಬಬೇಕು.

ಎರಡನ್ನು ಮಾತ್ರ ಯಾವ ಕಾರಣಕ್ಕೂ ಮರೆಯಬೇಡಿ. ಮೆಟ್ಟಿಲು ಹತ್ತಿದಾಗ ಬಂದು ಕೂತರೆ ಹೋಗುವ ದವಡೆ ನೋವು, ಅದರಲ್ಲೂ ಬೆವರು, ಎದೆ ಬಿಗಿತ, ಉಸಿರು ಕಟ್ಟುವುದರ ಜತೆ ಬಂದರೆ, ಹೃದಯದ್ದಾಗಿರಬಹುದು. ಹೋಗಬೇಕಾದ್ದು ಹೃದಯದ ಆಸ್ಪತ್ರೆಗೆ. ಇನ್ನು ಗುಟ್ಕಾ, ಕಡ್ಡಿಪುಡಿ, ತಂಬಾಕಿನ ಎಲೆಯಡಿಕೆ ಹಾಕುವವರಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ಜೋಮು ಹಿಡಿದ ತುಟಿ, ಗಟ್ಟಿಯಾದ ನೋವಿಲ್ಲದ ಗಂಟು ಕಂಡರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಅದನ್ನು ಹಲ್ಲಿನ ಕೀವೆಂದು ಕರೆಯಬಾರದು. ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಎಂದರೆ ಹೆದರಿ ಮುಂದೂಡುವುದೇ ಇಲ್ಲಿ ಅಪಾಯ.

ಬೆಳಗಿನವರೆಗೆ ಕಾಯಬಾರದ ಲಕ್ಷಣಗಳು

ಕೆಳಗಿನ ಯಾವುದೇ ಒಂದು ಇದ್ದರೂ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆಮಾಡಿ:

• ಉಸಿರಾಡಲು ಕಷ್ಟ, ಮಲಗಲಾಗದೆ ಮುಂದೆ ಬಾಗಿ ಕೂರುವುದು
• ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ದನಿ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಆಗುವುದು
• ನಾಲಿಗೆಯ ಕೆಳಗೆ ಊತ, ನಾಲಿಗೆ ಮೇಲಕ್ಕೆ ಎತ್ತಿದಂತಿರುವುದು, ಗದ್ದದ ಕೆಳಗೆ ಎರಡೂ ಬದಿ ಹಲಗೆಯಂತೆ ಗಟ್ಟಿಯಾದ ಊತ
• ಕಣ್ಣು ಮುಚ್ಚಿಹೋಗುವಷ್ಟು ಊತ, ಎರಡೆರಡು ಕಾಣುವುದು, ಕಣ್ಣುಗುಡ್ಡೆ ಅಲುಗಿಸಿದರೆ ನೋವು
• ಬಾಯಿ ತೆರೆಯಲಾಗದಿರುವುದು
• 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರದ ಜತೆ ನಡುಕ, ಏದುಸಿರು, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು

ಬಾಯಿ ತೆರೆಯುವುದನ್ನು ಅಳೆಯಲು ನಿಮ್ಮದೇ ಬೆರಳು ಸಾಕು. ಆರೋಗ್ಯವಂತ ವಯಸ್ಕರು ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಬಲ್ಲರು. ನಿನ್ನೆ ಮೂರು ಹೋಗುತ್ತಿದ್ದುದು ಇಂದು ಒಂದೂವರೆಗೆ ಇಳಿದಿದ್ದರೆ ಸೋಂಕು ಅಗಿಯುವ ಸ್ನಾಯುಗಳ ನಡುವೆ ಇಳಿದಿದೆ.

ನಾಲಿಗೆಯ ಕೆಳಗೂ ಗದ್ದದ ಕೆಳಗೂ ಎರಡೂ ಬದಿ ಒಟ್ಟಿಗೆ ಊದುವ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಎಂದು ಹೆಸರು. 1836ರಲ್ಲಿ ಜರ್ಮನ್ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದರು. ಹೆಚ್ಚಿನ ಪ್ರಕರಣಗಳ ಮೂಲ ಕೆಳಗಿನ ಎರಡನೆಯ ಅಥವಾ ಮೂರನೆಯ ದವಡೆ ಹಲ್ಲು. ಜೀವ ತೆಗೆಯುವುದು ಹೆಚ್ಚಾಗಿ ಕೀವಿನ ವಿಷವಲ್ಲ, ಊದಿದ ನಾಲಿಗೆ ಗಂಟಲನ್ನು ಮುಚ್ಚುವುದು. ಗಂಟೆಗಳ ಲೆಕ್ಕದಲ್ಲಿ ಕೆಡುವುದರಿಂದ ಇಂಥವರನ್ನು ಬೀದಿಯ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಸುತ್ತಿಸದೆ, ಅರಿವಳಿಕೆ ತಜ್ಞರೂ ಐಸಿಯು ಕೂಡ ಇರುವ ಕಡೆಗೇ ನೇರವಾಗಿ ಒಯ್ಯಬೇಕು. ದಾರಿಯಲ್ಲಿ ಅಂಗಾತ ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ, ತಿನ್ನಲು ಕುಡಿಯಲು ಕೊಡಬೇಡಿ.

ಇಷ್ಟೇನೂ ಇಲ್ಲ, ಆದರೆ ಕೆನ್ನೆ ಊದಿದೆ ಎಂದಾದರೆ ಅದೇ ದಿನ ದಂತವೈದ್ಯರನ್ನು ಕಾಣಬೇಕು. ನೋವಿಲ್ಲದ ಗುಳ್ಳೆ ಮಾತ್ರ ಇದ್ದರೆ ಒಂದು ವಾರದೊಳಗೆ.

ಡಾಕ್ಟರು ಸಿಗುವವರೆಗೆ

ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಎರಡು ಮೂರು ಗಂಟೆಗೊಮ್ಮೆ ಅರ್ಧ ನಿಮಿಷ ಬಾಯಲ್ಲಿ ಹಿಡಿದು ಉಗುಳಿ. ಹೊರಗೆ ಕೆನ್ನೆಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ. ಕೆನ್ನೆಗೆ ಬಿಸಿ ಶಾಖ ಕೊಡಬೇಡಿ. ಬಿಸಿಗೆ ಅಲ್ಲಿಗೆ ರಕ್ತ ಹೆಚ್ಚು ನುಗ್ಗಿ ಊತ ಏರುತ್ತದೆ, ಕೀವು ಚರ್ಮದ ಕಡೆ ದಾರಿ ಮಾಡಿಕೊಂಡರೆ ಮುಖದ ಮೇಲೆ ಶಾಶ್ವತ ಕಲೆ. ತಲೆಗೆ ಎರಡು ದಿಂಬಿಟ್ಟು ಮಲಗಿದರೆ ಮಿಡಿತ ಕಡಿಮೆಯಾಗುತ್ತದೆ.

ನೋವಿಗೆ 50 ಕಿಲೋ ಮೀರಿದ ವಯಸ್ಕರು ಪ್ಯಾರಾಸಿಟಮಾಲ್ 500ರಿಂದ 1000 ಮಿಲಿಗ್ರಾಂ ತೆಗೆದುಕೊಳ್ಳಬಹುದು. ಎರಡು ಸಲದ ನಡುವೆ 6 ಗಂಟೆ ಅಂತರವಿರಲಿ, 24 ಗಂಟೆಯಲ್ಲಿ 4000 ಮಿಲಿಗ್ರಾಂ ಮೀರಬಾರದು. ಲಿವರ್ ತೊಂದರೆ ಇರುವವರು, ದಿನವೂ ಕುಡಿಯುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಸಾಲದಿದ್ದರೆ ಊಟದ ನಂತರ ಐಬುಪ್ರೊಫೆನ್ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಮಾತ್ರೆಯಿಂದ ಉಬ್ಬಸ ಬರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಬಸುರಿಯರು ಐಬುಪ್ರೊಫೆನ್ ಮುಟ್ಟಬೇಡಿ. ಮಳೆಗಾಲದಲ್ಲಿ ಡೆಂಗಿ ಅನುಮಾನವಿದ್ದರೆ ಯಾರೂ ಬೇಡ. ಅಂಗಡಿಯಲ್ಲಿ ಸಿಗುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಎರಡೂ ಬೆರೆತಿರುತ್ತವೆ. ಪಟ್ಟಿಯ ಹಿಂಬದಿ ಓದದೆ ಅದರ ಮೇಲೆ ಮತ್ತೊಂದು ಪ್ಯಾರಾಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ.

ಲವಂಗದ ಎಣ್ಣೆ ಒಂದು ಹನಿ ಹತ್ತಿಗೆ ಹಾಕಿ, ಹಿಂಡಿ, ಹುಳುಕಿನ ಕುಳಿಯಲ್ಲಿ ಮಾತ್ರ ಇಟ್ಟರೆ ಸ್ವಲ್ಪ ಹೊತ್ತು ಮಂದವಾಗುತ್ತದೆ. ಒಸಡಿಗೆ ಸುರಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿ ಇಡುವುದು, ಎಕ್ಕದ ಹಾಲು, ಸುಣ್ಣ, ನಶ್ಯ, ಬ್ಯಾಟರಿಯ ಆಸಿಡ್: ಇವೆಲ್ಲ ಒಸಡನ್ನು ಬಿಳಿಚಿ ಸುಲಿಸುತ್ತವೆ, ಕೀವಿನ ನೋವಿನ ಜತೆ ಸುಟ್ಟ ನೋವೂ ಸೇರುತ್ತದೆ. ಗುಳ್ಳೆಯನ್ನು ಸೂಜಿ, ಪಿನ್ನಿನಿಂದ ಚುಚ್ಚಬೇಡಿ, ಹಿಸುಕಬೇಡಿ. ಮೇಲಿನ ಕೀವು ಸ್ವಲ್ಪ ಬಂದಂತೆ ಕಂಡು ಒಳಗಿನದು ಇನ್ನಷ್ಟು ಆಳಕ್ಕೆ ಒತ್ತಿಹೋಗುತ್ತದೆ.

ಔಷಧಿ ಅಂಗಡಿಯಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗುವುದು ನಮ್ಮಲ್ಲಿ ತೀರಾ ಮಾಮೂಲು. ಮೂರು ದಿನ ಅಮಾಕ್ಸಿಸಿಲಿನ್, ಜತೆಗೆ ಮೆಟ್ರೊನಿಡಜೋಲ್, ಊತ ಇಳಿಯಿತು, ಬಿಟ್ಟೆವು. ತಿಂಗಳ ನಂತರ ಮತ್ತದೇ ಹಲ್ಲು. ಕಾರಣ ಸರಳ: ಔಷಧಿ ಹೋಗುವುದು ರಕ್ತದಲ್ಲಿ, ಸತ್ತ ತಿರುಳಿನಲ್ಲಿ ರಕ್ತವೇ ಓಡುವುದಿಲ್ಲ. ತೂಬು ಮುಚ್ಚಿದ ಮೇಲೆ ಕೆರೆ ತುಂಬಿದ್ದರೂ ಗದ್ದೆಗೆ ನೀರಿಲ್ಲ. ಅಮೆರಿಕದ ದಂತವೈದ್ಯ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿಯೂ, ಹಲ್ಲಿನ ಚಿಕಿತ್ಸೆ ಕೂಡಲೇ ಸಿಗುವಂತಿದ್ದರೆ ಆರೋಗ್ಯವಂತ ವಯಸ್ಕರ ಇಂಥ ಹೆಚ್ಚಿನ ಸಂದರ್ಭಗಳಲ್ಲಿ ಆ್ಯಂಟಿಬಯಾಟಿಕ್ ಬೇಡವೆಂದೇ ಹೇಳಿತು. ಜ್ವರ, ಹರಡುವ ಊತ, ದುರ್ಬಲ ರೋಗನಿರೋಧಕ ಶಕ್ತಿ ಇದ್ದರೆ ಅದು ಬೇಕು, ಆಗಲೂ ಕೀವು ತೆಗೆಯುವುದರ ಜತೆಗೆ, ಅದರ ಬದಲಿಗೆ ಅಲ್ಲ. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮದ್ಯ ಬೇಡ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ ಮಾತ್ರೆ ನಿಲ್ಲಿಸಿ ಡಾಕ್ಟರನ್ನು ಕಾಣಿ.

ಮಕ್ಕಳು, ಸಕ್ಕರೆ ಕಾಯಿಲೆಯವರು, ಬಸುರಿಯರು

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎಂದು ಬಿಡುವುದು ತಪ್ಪು. ಹಾಲಿನ ದವಡೆ ಹಲ್ಲಿನ ಕೀವು ನೋವೇ ಇಲ್ಲದೆ, ಒಸಡಿನ ಅಂಚಿಗೆ ಹತ್ತಿರ, ಬೇರುಗಳು ಕವಲೊಡೆಯುವ ಕಡೆ ಗುಳ್ಳೆಯಾಗಿ ಬರುತ್ತದೆ. ಅದರ ಕೆಳಗೇ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಕೀವು ತಗುಲಿದರೆ ಅದು ಕಲೆ, ಹಳ್ಳಗಳೊಂದಿಗೆ ಹುಟ್ಟಬಹುದು. ಒಂದೇ ಬದಿ ಅಗಿಯುವುದು, ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಕೂರುವುದು, ಆ ಬದಿ ಹಲ್ಲುಜ್ಜಲು ಬಿಡದಿರುವುದು ಮಗು ಬಾಯಿಬಿಟ್ಟು ಹೇಳದ ಲಕ್ಷಣಗಳು. ಮಗುವಿನ ಮುಖ ಊದಿ ಜ್ವರ ಬಂದರೆ ದೊಡ್ಡವರಿಗಿಂತ ಬೇಗ ಕೆಡುತ್ತದೆ. ಪ್ಯಾರಾಸಿಟಮಾಲ್ ತೂಕದ ಲೆಕ್ಕದಲ್ಲಿ, ಕಿಲೋಗೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರದಂತೆ. ಆಸ್ಪಿರಿನ್ ಬೇಡವೇ ಬೇಡ.

ಸಕ್ಕರೆ ಕಾಯಿಲೆಯವರಲ್ಲಿ ಕೀವು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಕೀವನ್ನು ಬೆಳೆಸುತ್ತದೆ. ಔಷಧಿ, ಊಟ ಎಲ್ಲ ಮಾಮೂಲಿನಂತಿದ್ದೂ ಸಕ್ಕರೆ ಇಳಿಯದಿದ್ದರೆ ಬಾಯಿ ಪರೀಕ್ಷಿಸಿಕೊಳ್ಳಿ. ಬೇರೆ ಬೇರೆ ಹಲ್ಲುಗಳ ಒಸಡಿನಲ್ಲಿ ಮತ್ತೆ ಮತ್ತೆ ಕೀವಾಗುತ್ತಿರುವವರು ಒಮ್ಮೆಯೂ ಸಕ್ಕರೆ ಪರೀಕ್ಷೆ ಮಾಡಿಸಿಲ್ಲವಾದರೆ ಈಗ ಮಾಡಿಸಬೇಕು. ಬಸುರಿಯರು ಹೆರಿಗೆಯಾಗಲಿ ಎಂದು ಕಾಯುವ ಅಗತ್ಯವಿಲ್ಲ. ಎಷ್ಟನೆಯ ತಿಂಗಳು ಎಂದು ಹೇಳಿ, ಡಾಕ್ಟರು ಅದಕ್ಕೆ ತಕ್ಕ ಔಷಧಿ ಆರಿಸುತ್ತಾರೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲಿಗೆ ಕೈ ಹಾಕುವ ಮುನ್ನವೇ ಅದನ್ನು ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕ್ಲಿನಿಕ್ಕಿನಲ್ಲಿ, ಆಮೇಲೆ

ನೋವು ಯಾವಾಗ ಶುರುವಾಯಿತು, ಬಿಸಿಗೋ ತಣ್ಣಗಿನದಕ್ಕೋ, ಎಷ್ಟು ಹೊತ್ತು ನಿಲ್ಲುತ್ತಿತ್ತು, ಯಾವಾಗ ನಿಂತಿತು, ಯಾವ ಮಾತ್ರೆ ಎಷ್ಟು ನುಂಗಿದ್ದೀರಿ ಎಂದು ಚೀಟಿಯಲ್ಲಿ ಬರೆದೊಯ್ಯಿರಿ. ಡಾಕ್ಟರು ತಟ್ಟಿ, ತಂಪು ಮುಟ್ಟಿಸಿ, ಒಸಡಿನ ಸಂದಿನ ಆಳ ಅಳೆದು, ಸಣ್ಣ ಎಕ್ಸ್-ರೇ ತೆಗೆಯುತ್ತಾರೆ. ಸಂದಿನ ಆಳ 3 ಮಿಲಿಮೀಟರ್ ತನಕ ಸಹಜ. ಎಕ್ಸ್-ರೇಯಲ್ಲಿ ಏನೂ ಕಾಣುತ್ತಿಲ್ಲ ಎಂದರೆ ಕೀವಿಲ್ಲ ಎಂದಲ್ಲ. ಮೂಳೆಯ ಸುಣ್ಣದ ಅಂಶ ಸಾಕಷ್ಟು ಕರಗುವವರೆಗೆ ಕಪ್ಪು ಮಚ್ಚೆ ಮೂಡುವುದಿಲ್ಲ, ಹೊಸ ಕೀವಿಗೆ ಮೊದಲ ಕೆಲವು ದಿನ ಚಿತ್ರ ಸ್ವಚ್ಛವಾಗಿಯೇ ಇರಬಹುದು. ಇನ್ನೊಂದು ಎಡವಟ್ಟು: ತೀರಾ ಸೋಂಕಾದ ಜಾಗದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ. ಆಗ ದೂರದಲ್ಲಿ, ನರದ ಬುಡಕ್ಕೆ ಚುಚ್ಚುತ್ತಾರೆ. ನೋವಾದರೆ ಕೈ ಎತ್ತಿ ಹೇಳಿ, ತಡೆದುಕೊಳ್ಳಬೇಕಾಗಿಲ್ಲ.

ಚಿಕಿತ್ಸೆ ಎಂದರೆ ಕೀವಿಗೆ ದಾರಿ ಬಿಡುವುದು ಮತ್ತು ಮೂಲವನ್ನು ತೆಗೆಯುವುದು. ಒಸಡನ್ನು ಸಣ್ಣದಾಗಿ ಸೀಳಿ ಅಥವಾ ಹಲ್ಲಿನ ಮೇಲಿನಿಂದಲೇ ತೂತು ಕೊರೆದು ಕೀವು ಹರಿಸುತ್ತಾರೆ, ಆಮೇಲೆ ರೂಟ್ ಕೆನಾಲ್ ಅಥವಾ ಕೀಳುವುದು. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕು, ಇಲ್ಲದಿದ್ದರೆ ಸೀಳಿಹೋಗುತ್ತದೆ. ಖರ್ಚು ಅಡ್ಡ ಬಂದರೆ ಜಿಲ್ಲಾ, ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ, ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಅಥವಾ ಮೈಸೂರು, ಧಾರವಾಡ, ದಾವಣಗೆರೆ, ಮಣಿಪಾಲ, ಮಂಗಳೂರಿನ ದಂತ ಕಾಲೇಜುಗಳ ಹೊರರೋಗಿ ವಿಭಾಗಗಳನ್ನು ವಿಚಾರಿಸಬಹುದು. ಕೀವು ತೆಗೆಸಿ, ಮುಂದಿನ ಭೇಟಿಗೆ ಹೋಗದೆ ತಾತ್ಕಾಲಿಕ ಸಿಮೆಂಟಿನಲ್ಲೇ ತಿಂಗಳು ಕಳೆಯುವುದು ಮಾತ್ರ ದುಡ್ಡನ್ನು ನೀರಿಗೆ ಹಾಕಿದಂತೆ. ಆ ಸಿಮೆಂಟ್ ಸವೆದು ಮತ್ತೆ ಸೋರುತ್ತದೆ.

ಕೀವು ಹೊರಬಂದ ಕೂಡಲೇ ಒತ್ತಡದ ನೋವು ಇಳಿಯುತ್ತದೆ, ಊತ ಎರಡು ಮೂರು ದಿನದಲ್ಲಿ ಕುಗ್ಗಬೇಕು. 48 ಗಂಟೆಯಾದರೂ ಕುಗ್ಗುವ ಲಕ್ಷಣವೇ ಇಲ್ಲದಿದ್ದರೆ, ಅಥವಾ ಬಾಯಿ ಇನ್ನಷ್ಟು ಕಟ್ಟಿದರೆ, ಕೊಟ್ಟ ದಿನಾಂಕಕ್ಕೆ ಕಾಯದೆ ಹೋಗಿ. ರೂಟ್ ಕೆನಾಲ್ ಆದ ಹಲ್ಲು ಕೆಲವು ದಿನ ಕಚ್ಚಿದರೆ ನೋಯುವುದು ಸಹಜ. ಒಸಡಿನ ಗುಳ್ಳೆ ಕೆಲವು ವಾರದಲ್ಲಿ ತಾನೇ ಮುಚ್ಚಬೇಕು. ಮುಚ್ಚದಿದ್ದರೆ ಒಳಗೆ ಸಿಗದೆ ಉಳಿದ ಕಾಲುವೆಯೋ ಬೇರಿನ ಬಿರುಕೋ ಇರಬಹುದು. ಕರಗಿದ ಮೂಳೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ಆರು ತಿಂಗಳಿಗೋ ವರ್ಷಕ್ಕೋ ಮತ್ತೊಂದು ಎಕ್ಸ್-ರೇ ತೆಗೆದು ಮೊದಲಿನದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಹಳೆಯ ಫಿಲ್ಮು ಅಥವಾ ಮೊಬೈಲಿಗೆ ಕಳಿಸಿದ ಚಿತ್ರವನ್ನು ಅಳಿಸದೆ ಇಟ್ಟುಕೊಳ್ಳಿ.